ಮೈಸೂರಿನ ಮಹಾರಾಜರೂ ಲಂಡನ್ನಿನ ಹಾರ್ನ್ ವಾದ್ಯವೂ: ಶ್ರೀ ಜಯಚಾಮರಾಜೇಂದ್ರ ಒಡೆಯರ ಸಂಗೀತ ಜೀವನ

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದರೆ ಸಂತರ, ಧರ್ಮಾಧ್ಯಕ್ಷರ, ಧರ್ಮಕೇಂದ್ರವನ್ನು ಕಟ್ಟಿ ಬೆಳೆಸಿದ ಗುರುಗಳ ಚರಿತ್ರೆಗಳಿಗೆ ಮೀಸಲಾದ ಸ್ಥಳ. ಅವುಗಳ ನಡುವೆ ಒಬ್ಬ ಮಹಾರಾಜರ, ಅದರಲ್ಲಿಯೂ ಕ್ರೈಸ್ತರಲ್ಲದ ಮಹಾರಾಜರ ಜೀವನ ವೃತ್ತಾಂತಕ್ಕೆ ಎಡೆಯೇಕೆ ಎಂದು ವಾಚಕರು ಕೇಳಬಹುದು. ದೇವಾಲಯದ ನೂರು ವರ್ಷಗಳ ಚರಿತ್ರೆಯಲ್ಲಿ ಅರ್ಧ ಭಾಗ ಹಾಡಿನ ಚರಿತ್ರೆಯೇ ಆಗಿರುತ್ತದೆ. ಆದರೆ ಹಾಡಿನ ಬಗೆಗೆ ಇಂಥ ಸಂಚಿಕೆಗಳಲ್ಲಿ ಯಾರೂ ಬರೆಯುವುದಿಲ್ಲ. ಆ ಕೊರತೆಯನ್ನು ತುಂಬಲೆಂದು ನಾವು ಈ ವಿಷಯವನ್ನು ಆರಿಸಿಕೊಂಡೆವು. ದಾವಣಗೆರೆ ಹರಿಹರಗಳ ಭಕ್ತಾದಿಗಳಿಗೆ ಸೆಪ್ಟೆಂಬರ್ 8 ಎಂಬ ದಿನಾಂಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಮಾತೆ ಮರಿಯಮ್ಮನವರ ಜನ್ಮೋತ್ಸವ, ಹರಿಹರದ ಆರೋಗ್ಯಮಾತೆಯ ಮಹೋತ್ಸವ. 1940ರ ಅದೇ ದಿನ ಮೈಸೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಒಡೆಯರು ಸಿಂಹಾಸನವನ್ನೇರಿದರು. 1949ರ ಅದೇ ದಿನ ಜರ್ಮನಿಯಲ್ಲಿ ರಿಚರ್ಡ್ ಸ್ಟ್ರೌಸ್ ಎಂಬ ವೃದ್ಧ ಸಂಗೀತ ರಚನಕಾರರು ಕಣ್ಣು ಮುಚ್ಚಿದರು. ಸ್ಟ್ರೌಸರ ಕಡೆಯ ಬಯಕೆಯನ್ನು ಈಡೇರಿಸಿಕೊಟ್ಟವರು ನಮ್ಮ ಮಹಾರಾಜರು. ದಿನಾಂಕಗಳ ಇಂಥ ಹೊಂದಿಕೆಗೆ ಅರ್ಥ ಹಚ್ಚುವುದು ನಮ್ಮ ಉದ್ದೇಶವಲ್ಲ. ನೆನಪಿನಲ್ಲಿಡಲು ಅನುಕೂಲವೆಂದು ಹೇಳಿದೆವು, ಅಷ್ಟೆ.

ಈ ವೃತ್ತಾಂತದ ಉದ್ದಕ್ಕೂ ಒಂದು ವಾದ್ಯ ನಮ್ಮ ಜೊತೆಗೆ ಬರಲಿದೆ. ಅದರ ಹೆಸರು ಹಾರ್ನ್. ಪೂನಾ-ಬೆಂಗಳೂರು ರಸ್ತೆಯ ಪಕ್ಕದಲ್ಲಿ ಬಾಳುವ ನಮಗೆ ಈ ಹೆಸರು ಕೇಳಿದ ಕೂಡಲೇ ಲಾರಿಗಳೇ ನೆನಪಾಗುವುದು ಸಹಜ. ಇದು ಆ ಹಾರ್ನ್ ಅಲ್ಲ. ಬೇಟೆಗಾರರ ಕೊಂಬಿನಿಂದ ಹುಟ್ಟಿ, ಹಿತ್ತಾಳೆಯ ಕೊಳವೆಯಾಗಿ ಸುರುಳಿ ಸುತ್ತಿಕೊಂಡು, ಅರಮನೆಗಳ ಮತ್ತು ನಾಟಕಶಾಲೆಗಳ ವಾದ್ಯವೃಂದಗಳಿಗೆ ಪ್ರವೇಶ ಪಡೆದ ವಾದ್ಯವಿದು. ಬಿಚ್ಚಿ ನೀಟಾಗಿ ಹಾಸಿದರೆ ಇದರ ಕೊಳವೆ ಸುಮಾರು 12 ಅಡಿ ಉದ್ದವಾಗುತ್ತದೆ. ನಮ್ಮ ಹಬ್ಬದ ಮೆರವಣಿಗೆಗಳಲ್ಲಿ ಟ್ರಂಪೆಟ್ಟು, ಕ್ಲಾರಿಯೋನೆಟ್ಟು, ಯುಫೋನಿಯಂ ಕೇಳಿಬರುತ್ತವೆ, ಹಾರ್ನ್ ವಿರಳ. ಅದನ್ನು ನುಡಿಸುವುದು ಕಷ್ಟ, ತಪ್ಪಿದರೆ ಮುಚ್ಚಿಡುವುದು ಇನ್ನೂ ಕಷ್ಟ.

ಶ್ರೀ ಜಯಚಾಮರಾಜೇಂದ್ರ ಒಡೆಯರು ಜನಿಸಿದುದು 1919ನೆಯ ಜುಲೈ 18ರಂದು. ಯುವರಾಜ ಶ್ರೀ ಕಂಠೀರವ ನರಸಿಂಹರಾಜ ಒಡೆಯರ ಏಕಮಾತ್ರ ಪುತ್ರರು. ಆಳುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು ಅವರ ದೊಡ್ಡಪ್ಪ. ನಾಲ್ವಡಿಯವರಿಗೆ ಮಕ್ಕಳಿಲ್ಲದುದರಿಂದ ಸಿಂಹಾಸನ ಎಂದಾದರೊಂದು ದಿನ ಈ ಬಾಲಕನಿಗೇ ಬರುವುದೆಂಬುದು ಎಲ್ಲರೂ ಬಲ್ಲ ವಿಷಯವಾಗಿತ್ತು. ಆದರೆ ನಡುವೆ ತಂದೆಯವರಿದ್ದರು, ಕಾಲಾವಕಾಶವಿತ್ತು. ಆ ಅವಕಾಶವನ್ನು ಬಾಲಕನು ಪಿಯಾನೋ ವಾದನಕ್ಕೆ ಮುಡಿಪಿಟ್ಟನು.

ನಾಲ್ವಡಿಯವರ ಅರಮನೆ ಸಂಗೀತದ ದೃಷ್ಟಿಯಿಂದ ಎರಡು ಬಾಗಿಲುಗಳ ಮನೆಯಾಗಿತ್ತು. ಒಂದು ಬಾಗಿಲಲ್ಲಿ ಮೈಸೂರು ವಾಸುದೇವಾಚಾರ್ಯರು, ವೀಣೆ ವೆಂಕಟಗಿರಿಯಪ್ಪನವರು ಮೊದಲಾದ ವಿದ್ವಾಂಸರು. ಇನ್ನೊಂದು ಬಾಗಿಲಲ್ಲಿ ಅರಮನೆಯ ಬ್ಯಾಂಡು ಮತ್ತು ಪಾಶ್ಚಾತ್ಯ ವಾದ್ಯವೃಂದ. ಅದನ್ನು ನಡೆಸಲು ಜರ್ಮನಿಯಿಂದ ಬಂದ ಓಟ್ಟೋ ಶ್ಮಿಟ್. ಎರಡು ಬಾಗಿಲುಗಳ ನಡುವೆ ಗೋಡೆಯಿರಲಿಲ್ಲ. ವೆಂಕಟಗಿರಿಯಪ್ಪನವರು ವಾದ್ಯವೃಂದಕ್ಕಾಗಿ ನಗ್ಮಗಳನ್ನು ರಚಿಸಿದರು. ಶ್ಮಿಟ್ ಮಹಾಶಯರು ಕರ್ನಾಟಕ ಸಂಗೀತದ ಕೃತಿಗಳನ್ನು ಪಾಶ್ಚಾತ್ಯ ಸ್ವರಲಿಪಿಗೆ ಅಳವಡಿಸಿ ನುಡಿಸಿದರು. ರಾಜಕುಮಾರರ ತಂಗಿ ಶ್ರೀಮತಿ ವಿಜಯಾದೇವಿಯವರು ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟಿನ ಸಿಸ್ಟರ್ ಇಗ್ನೇಷಿಯಸ್ ಅವರಲ್ಲಿ ಪಿಯಾನೋ ಕಲಿತರು. ಕನ್ಯಾಸ್ತ್ರೀಯರು ಊರೂರಿನ ಮಕ್ಕಳಿಗೆ ಸರಳೆ ಹೇಳಿಕೊಟ್ಟ ಕಥೆ ಇನ್ನೂ ಯಾರೂ ಬರೆಯದ ದೊಡ್ಡ ಕಥೆ. ಅದರ ಒಂದು ಪುಟ ಅರಮನೆಯೊಳಗೂ ಇದೆ ಎಂಬುದನ್ನು ಇಲ್ಲಿ ದಾಖಲಿಸುತ್ತೇವೆ. ನಮ್ಮವರ ಕಡೆಗೆ ಆ ಮನೆತನ ತೋರಿದ ಔದಾರ್ಯವೂ ಚಿಕ್ಕದಲ್ಲ. ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ 1933ರಲ್ಲಿ ಅಡಿಗಲ್ಲನ್ನಿಟ್ಟವರು ನಾಲ್ವಡಿಯವರೇ.

ಇಲ್ಲಿ ಕಥೆಯನ್ನು ತುಸು ನಿಲ್ಲಿಸಿ, ಅರಮನೆಯ ಬ್ಯಾಂಡಿನವರನ್ನು ದಿನನಿತ್ಯ ಕಾಡಿದ, ಇಂದಿಗೂ ಲೋಕದ ಹಾರ್ನ್ ವಾದಕರನ್ನೆಲ್ಲ ಕಾಡುವ ಒಂದು ತೊಡಕನ್ನು ವಿವರಿಸಬೇಕು. ಮುಂದಿನ ಮಾತುಗಳೆಲ್ಲ ಇದನ್ನು ಅವಲಂಬಿಸಿವೆ.

ನಮ್ಮ ಸಂಗೀತದಲ್ಲಿ ಷಡ್ಜಕ್ಕೆ ಕಟ್ಟುಪಾಡಿನ ಸ್ಥಾನವಿಲ್ಲ. ಗಾಯಕನು ತನ್ನ ಕಂಠಕ್ಕೆ ಒಗ್ಗಿದ ಶ್ರುತಿಯಲ್ಲಿ ಷಡ್ಜವನ್ನು ಹಿಡಿಯುತ್ತಾನೆ. ಪುಸ್ತಕದಲ್ಲಿ ಬರೆದ ಸ-ರಿ-ಗ-ಮ ಎಲ್ಲ ಶ್ರುತಿಗಳಿಗೂ ಒಂದೇ. ದಾವಣಗೆರೆಯ ಹಿರಿಯರಿಗೆ ಕಂಪನಿ ನಾಟಕಗಳ ಪೇಟಿ ಮಾಸ್ತರರ ನೆನಪಿರಬಹುದು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನ ಹೆಸರನ್ನು ನಾಡಿನಲ್ಲೆಲ್ಲ ಬೆಳಗಿದ ಸಂಸ್ಥೆ. ಅಂಥ ಕಂಪನಿಗಳಲ್ಲಿ ಒಬ್ಬ ನಟನು ಕರಿ ಒಂದರಲ್ಲಿ ಹಾಡಿದ ರಂಗಗೀತೆಯನ್ನು ಮತ್ತೊಬ್ಬ ನಟಿ ಕರಿ ನಾಲ್ಕರಲ್ಲಿ ಹಾಡಿದರೆ ಮಾಸ್ತರರ ಬೆರಳುಗಳು ಕೂಡಲೇ ಮನೆ ಬದಲಿಸುತ್ತಿದ್ದುವು. ಸ್ವರ ಅದೇ, ಮನೆ ಬೇರೆ. ಪಾಶ್ಚಾತ್ಯರ ಲಿಪಿಯಲ್ಲಿ ಹೀಗಲ್ಲ. ಅಲ್ಲಿ ಗೆರೆಗಳ ಮೇಲಿನ ಪ್ರತಿಯೊಂದು ಚುಕ್ಕೆಗೂ ಸ್ಥಿರವಾದ ಎತ್ತರವಿದೆ.

ಆದರೆ ಹಾರ್ನ್ ಮಾತ್ರ ಆ ಕಟ್ಟುಪಾಡಿನೊಳಗೆ ನಮ್ಮ ಪದ್ಧತಿಯನ್ನು ಉಳಿಸಿಕೊಂಡ ವಾದ್ಯ. ಹಳೆಯ ಕಾಲದ ಹಾರ್ನ್‌ಗೆ ಗುಂಡಿಗಳಿರಲಿಲ್ಲ, ರಂಧ್ರಗಳಿರಲಿಲ್ಲ. ನಮ್ಮ ಕಹಳೆಯಂತೆ ಅದೂ ಷಡ್ಜ, ಪಂಚಮ, ಮೇಲಿನ ಷಡ್ಜ, ಅಂತರ ಗಾಂಧಾರ ಎಂಬ ನಿಸರ್ಗದತ್ತ ಸ್ವರಗಳನ್ನಷ್ಟೇ ನುಡಿಯಬಲ್ಲುದಾಗಿತ್ತು. ಮೇಲೇರಿದಂತೆ ಸ್ವರಗಳು ಒತ್ತೊತ್ತಾಗಿ ಬರುತ್ತಿದ್ದುವು. ಕೃತಿಯ ಶ್ರುತಿ ಬದಲಾದರೆ ವಾದಕನು ಕೊಳವೆಯ ಒಂದು ಸುರುಳಿಯನ್ನು ಕಳಚಿ ಬೇರೆ ಉದ್ದದ ಸುರುಳಿಯನ್ನು ಜೋಡಿಸುತ್ತಿದ್ದನು. ಹೀಗೆ ವಾದ್ಯವೇ ಶ್ರುತಿ ಬದಲಿಸುತ್ತಿದ್ದುದರಿಂದ ರಚನಕಾರರು ಯಾವ ಶ್ರುತಿಯ ಕೃತಿಯಾದರೂ ಹಾರ್ನ್‌ನವನಿಗೆ ಒಂದೇ ರೀತಿಯಲ್ಲಿ, ಎಲ್ಲವೂ ‘ಸಿ’ ಸ್ವರದ ಮನೆಯಲ್ಲಿದ್ದಂತೆ ಬರೆದು, ಹಾಳೆಯ ತುದಿಯಲ್ಲಿ ‘ಡಿ ಹಾರ್ನ್’, ‘ಈ ಫ್ಲಾಟ್ ಹಾರ್ನ್’ ಎಂದು ಗುರುತು ಹಾಕುತ್ತಿದ್ದರು. ಮೊಟ್ಸಾರ್ಟರು ಹಾರ್ನ್‌ಗಾಗಿ ಬರೆದ ನಾಲ್ಕು ಪ್ರಸಿದ್ಧ ಕಾನ್ಸೆರ್ಟೊಗಳಲ್ಲಿ ಮೂರು ಈ ಫ್ಲಾಟ್ ಶ್ರುತಿಯವು, ಒಂದು ಡಿ ಶ್ರುತಿಯದು. ಹಾರ್ನ್‌ನವನ ಹಾಳೆಯಲ್ಲಿ ಎಲ್ಲವೂ ‘ಸಿ’ಯೇ.

1810ರ ದಶಕದಲ್ಲಿ ಜರ್ಮನಿಯಲ್ಲಿ ವಾಲ್ವುಗಳು ಬಂದುವು. ಬೆರಳಿನಿಂದ ಒತ್ತಿದರೆ ಗಾಳಿಯ ದಾರಿ ಉದ್ದವಾಗುವ ಈ ಉಪಾಯದಿಂದ ಸುರುಳಿಗಳನ್ನು ಹೊತ್ತು ತಿರುಗುವ ಕಷ್ಟ ತಪ್ಪಿತು. ವಾದಕರು ಎಫ್ ಶ್ರುತಿಯ ಒಂದೇ ಹಾರ್ನ್‌ಗೆ ನೆಲೆನಿಂತರು. ಅದೂ ಬರೆದುದಕ್ಕಿಂತ ಪಂಚಮದಷ್ಟು ಕೆಳಗೆ ನುಡಿಯುವ ವಾದ್ಯವೇ. ಆದರೆ ಹಳೆಯ ಹಾಳೆಗಳು ಹೋಗಲಿಲ್ಲ. ಎದುರಿಗೆ ‘ಈ ಹಾರ್ನ್’ ಎಂದಿದ್ದರೆ ವಾದಕನು ಪ್ರತಿ ಸ್ವರವನ್ನೂ ಮನಸ್ಸಿನಲ್ಲಿಯೇ ಅರ್ಧ ಸ್ವರ ಇಳಿಸಬೇಕು. ‘ಈ ಫ್ಲಾಟ್’ ಎಂದಿದ್ದರೆ ಒಂದು ಸ್ವರ. ‘ಡಿ’ ಎಂದಿದ್ದರೆ ಒಂದೂವರೆ ಸ್ವರ. ‘ಜಿ’ ಎಂದಿದ್ದರೆ ಒಂದು ಸ್ವರ ಏರಿಸಬೇಕು. ಇದೆಲ್ಲವೂ ಕಣ್ಣೆವೆಯಿಕ್ಕುವುದರೊಳಗೆ ಆಗಬೇಕು. ವಾಲ್ವುಗಳು ಬಂದ ಮೇಲೂ ಬ್ರಾಮ್ಸ್ ಮಹಾಶಯರು ತಮ್ಮ 1865ರ ಹಾರ್ನ್ ತ್ರಯವನ್ನು ಹಳೆಯ ಗುಂಡಿಯಿಲ್ಲದ ಹಾರ್ನ್‌ಗೆಂದೇ ಬರೆದರು. ಸ್ಟ್ರೌಸರ ‘ಟಿಲ್ ಆಯ್ಲೆನ್‌ಶ್ಪೀಗೆಲ್’ ಕೃತಿಯಲ್ಲಿ ನಾಲ್ವರು ಹಾರ್ನ್ ವಾದಕರಲ್ಲಿ ಇಬ್ಬರ ಹಾಳೆ ಎಫ್, ಒಬ್ಬನದು ಈ, ಮತ್ತೊಬ್ಬನದು ಡಿ.

ಎಲ್ಲ ಹಳೆಯ ಹಾಳೆಗಳನ್ನೂ ಎಫ್ ಶ್ರುತಿಗೆ ತಿದ್ದಿ ಮುದ್ರಿಸಿಬಿಡಬಾರದೇ ಎಂಬ ವಾದ ಹಾರ್ನ್ ವಾದಕರಲ್ಲಿ ಬಹುಕಾಲದಿಂದ ನಡೆದಿದೆ. ತಿದ್ದಿದರೆ ಕಲಿಯುವವನಿಗೆ ಸುಲಭ, ನಿಜ. ಆದರೆ ‘ಈ ಹಾರ್ನ್’ ಎಂದು ಬರೆದ ಹಾಳೆಯಲ್ಲಿ ಷಡ್ಜ ಷಡ್ಜವಾಗಿಯೇ, ಪಂಚಮ ಪಂಚಮವಾಗಿಯೇ ಕಣ್ಣಿಗೆ ಬೀಳುತ್ತದೆ. ರಚನಕಾರನು ಎಲ್ಲಿ ನಿಸರ್ಗದ ಸ್ವರವನ್ನು ಬಯಸಿದ, ಎಲ್ಲಿ ಅದನ್ನು ಮೀರಿದ ಎಂಬುದು ಅಲ್ಲೇ ಕಾಣುತ್ತದೆ. ತಿದ್ದಿದ ಹಾಳೆಯಲ್ಲಿ ಆ ಗುಟ್ಟು ಅಳಿಸಿಹೋಗುತ್ತದೆ. ನಾವು ಹಳೆಯ ಪಕ್ಷದವರು. ಸ-ರಿ-ಗ-ಮದಲ್ಲಿ ಬೆಳೆದವರು ಬೇರೆ ಪಕ್ಷ ಸೇರುವುದು ಹೇಗೆ?

ಈ ಲೆಕ್ಕಾಚಾರ ಅರಮನೆಗೆ ಮಾತ್ರ ಸಂಬಂಧಿಸಿದುದಲ್ಲ. ನಮ್ಮ ದೇವಾಲಯಗಳಲ್ಲಿ ಪೇಟಿಯವರು ಬಿಳಿ ಒಂದರಲ್ಲಿ ಹಾಡೆತ್ತಿದರೆ, ಬಿ ಫ್ಲಾಟ್ ಕ್ಲಾರಿಯೋನೆಟ್ ಹಿಡಿದವನು ಒಂದು ಪೂರ್ಣ ಸ್ವರ ಮೇಲಿನ ಮನೆಯಲ್ಲಿ ಬೆರಳಿಡದೆ ವಿಧಿಯಿಲ್ಲ. ಇಂದಿನ ಕೀಬೋರ್ಡುಗಳಲ್ಲಿ ಗುಂಡಿಯೊಂದನ್ನು ಒತ್ತಿದರೆ ಯಂತ್ರವೇ ಶ್ರುತಿ ಬದಲಿಸುತ್ತದೆ. ಹಾರ್ನ್ ವಾದಕನಿಗೆ ಆ ಗುಂಡಿ ತಲೆಯೊಳಗಿರಬೇಕು.

ಮತ್ತೆ ರಾಜಕುಮಾರರ ಕಥೆಗೆ ಬರೋಣ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ 1938ರಲ್ಲಿ ಪದವೀಧರರಾದರು, ಪದಕಗಳನ್ನೂ ಗಳಿಸಿದರು. 1939ರಲ್ಲಿ ಯೂರೋಪಿನ ಪ್ರವಾಸ ಕೈಗೊಂಡರು. ಪಿಯಾನೋ ವಾದನದಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಮನ್ನಣೆ ಅವರಿಗೆ ದೊರೆಯಿತು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಗೌರವ ಫೆಲೋ ಎಂದು ಆರಿಸಿತು. ಇವು ಅರಸುಮಕ್ಕಳಿಗೆ ಮರ್ಯಾದೆಗೆಂದು ಹೊದಿಸಿದ ಶಾಲುಗಳೆಂದು ಭಾವಿಸಬಾರದು. ಸಭೆಗಳಲ್ಲಿ ನುಡಿಸುವ ವೃತ್ತಿವಂತ ಪಿಯಾನೋ ವಾದಕರಾಗಬೇಕೆಂಬ ಆಸೆ ಅವರಲ್ಲಿ ಬೇರೂರಿತ್ತು.

1940 ಆ ಆಸೆಯನ್ನು ಕಿತ್ತುಹಾಕಿತು. ಆ ವರ್ಷದ ಮಾರ್ಚಿಯಲ್ಲಿ ತಂದೆ ಯುವರಾಜರು ಮುಂಬಯಿಯಲ್ಲಿ ತೀರಿಕೊಂಡರು. ಆಗಸ್ಟ್ 3ರಂದು ನಾಲ್ವಡಿಯವರೂ ಅಸ್ತಂಗತರಾದರು. ಐದು ತಿಂಗಳೊಳಗೆ ಎರಡು ಸಾವುಗಳು. ಇಪ್ಪತ್ತೊಂದು ವರ್ಷದ ತರುಣನು ಸೆಪ್ಟೆಂಬರ್ 8ರಂದು, ಹರಿಹರದಲ್ಲಿ ನಮ್ಮ ಭಕ್ತರು ಮಾತೆಯ ಹಬ್ಬವನ್ನು ಆಚರಿಸುವ ದಿನ, ಮೈಸೂರಿನಲ್ಲಿ ರತ್ನಸಿಂಹಾಸನವನ್ನೇರಿದನು. ದಾವಣಗೆರೆ, ಹರಿಹರಗಳು ಅಂದು ಚಿತ್ರದುರ್ಗ ಜಿಲ್ಲೆಗೆ ಸೇರಿದ ಗಡಿನಾಡುಗಳು. ತುಂಗಭದ್ರೆಯ ಆಚೆ ದಡ ಮುಂಬಯಿ ಪ್ರಾಂತ. ಯುದ್ಧಕಾಲದ ಆಳ್ವಿಕೆ ಸುಲಭವಾಗಿರಲಿಲ್ಲ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಲೆಯೆತ್ತಿದುದು ಆ ಆಳ್ವಿಕೆಯ ಮೊದಲ ವರ್ಷದಲ್ಲೇ, 1941ರಲ್ಲಿ. ಎಷ್ಟೋ ಕ್ರೈಸ್ತ ಮನೆತನಗಳು ಇತ್ತ ಬಂದು ನೆಲೆಸಲು ಇಂಥ ಕಾರ್ಖಾನೆಗಳೇ ಕಾರಣವಾದುವು.

ತಾನು ನುಡಿಸಲಾಗದುದನ್ನು ಇತರರಿಂದ ನುಡಿಸುವ ಹಾದಿಯನ್ನು ಮಹಾರಾಜರು ಹಿಡಿದರು. ಅವರ ಸಂಗ್ರಹದಲ್ಲಿ ಸುಮಾರು 20,000 ಗ್ರಾಮೋಫೋನ್ ತಟ್ಟೆಗಳಿದ್ದುವೆಂದು ಅಂದಾಜು. ಎಲ್ಲರೂ ಕೇಳುವ ಕೃತಿಗಳ ಮೇಲೆ ಅವರಿಗೆ ಅಷ್ಟು ಮೋಹವಿರಲಿಲ್ಲ. ಯಾರೂ ಕೇಳದ ಕೃತಿಗಳಿಗೆ ಧ್ವನಿ ದೊರಕಿಸುವುದೇ ಅವರ ಹಂಬಲ. ರಷ್ಯದಿಂದ ಹೊರಬಂದು ಲಂಡನ್ನಿನಲ್ಲಿ ಬಡತನ ಅನಾರೋಗ್ಯಗಳಲ್ಲಿ ದಿನ ನೂಕುತ್ತಿದ್ದ ನಿಕೊಲಾಯ್ ಮೆಟ್ನರ್ ಎಂಬ ರಚನಕಾರರನ್ನು ಅವರು ಹುಡುಕಿ ಹಿಡಿದರು. ಅವರ ಕೃತಿಗಳನ್ನು ತಟ್ಟೆಗಳಲ್ಲಿ ಉಳಿಸಲೆಂದೇ ಮೆಟ್ನರ್ ಸೊಸೈಟಿ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. 1947ರಲ್ಲಿ ಮೆಟ್ನರರು ಸ್ವತಃ ಪಿಯಾನೋ ನುಡಿಸಿ ತಮ್ಮ ಮೂರು ಕಾನ್ಸೆರ್ಟೊಗಳನ್ನೂ ಮುದ್ರಿಸಿಕೊಟ್ಟರು. ಮೂರನೆಯದನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಆ ತಟ್ಟೆಗಳಿಲ್ಲದಿದ್ದರೆ ಅವರ ಕೈವಾದನದ ಬಹುಭಾಗ ಅವರೊಂದಿಗೇ ಮಣ್ಣಾಗುತ್ತಿತ್ತು.

ಆ ಕಾನ್ಸೆರ್ಟೊಗಳಲ್ಲಿ ಜೊತೆಗೂಡಿದ ವಾದ್ಯವೃಂದದ ಹೆಸರು ಫಿಲ್ಹಾರ್ಮೋನಿಯಾ. ಗ್ರಾಮೋಫೋನ್ ಕಂಪನಿಯ ವಾಲ್ಟರ್ ಲೆಗ್ ಎಂಬವರು 1945ರಲ್ಲಿ ಕಟ್ಟಿದ ತಂಡ. ವಾದಕರು ಉತ್ತಮರು, ಕೈಯಲ್ಲಿ ಕಾಸಿಲ್ಲ. ಲೆಗ್ ಮೈಸೂರಿಗೆ ಬಂದು ಕೆಲವು ವಾರ ಮಹಾರಾಜರ ಅತಿಥಿಯಾಗಿದ್ದರು. ಮಹಾರಾಜರು ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳಂತೆ ನೆರವು ನೀಡಲು ಒಪ್ಪಿದರು. 1948ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಈ ಹಣದ ಬಲದಿಂದ ಲೆಗ್ ಅವರು ಹೆರ್ಬರ್ಟ್ ಫಾನ್ ಕಾರಯಾನ್ ಎಂಬ ನಿರ್ದೇಶಕರನ್ನು ಕರೆಸಿಕೊಂಡರು. ಬಾಲಕಿರೆವ್‌ರ ಮೊದಲ ಸಿಂಫನಿ, ರೂಸೆಲ್‌ರ ನಾಲ್ಕನೆಯ ಸಿಂಫನಿ ಮೊದಲಾದ, ಆಗ ಯಾರೂ ಮುಟ್ಟದಿದ್ದ ಕೃತಿಗಳು ಮಹಾರಾಜರ ಇಚ್ಛೆಯ ಮೇರೆಗೆ ಮುದ್ರಣಗೊಂಡುವು.

ಬರಗಾಲ ಬಡತನಗಳ ನಾಡಿನ ಅರಸರು ಲಂಡನ್ನಿನ ವಾದಕರಿಗೆ ಹಣ ಕೊಟ್ಟುದು ಸರಿಯೇ ಎಂಬ ಪ್ರಶ್ನೆಯನ್ನು ನಾವು ಹಾರಿಸಿಬಿಡಲಾರೆವು. 1947ರ ಅಕ್ಟೋಬರಿನಲ್ಲಿಯೇ ಮೈಸೂರಿನ ಆಡಳಿತ ಶ್ರೀ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರದ ಕೈಗೆ ಬಂದಿತ್ತು, ಬೊಕ್ಕಸದ ಬೀಗದ ಕೈ ಅರಮನೆಯಲ್ಲಿರಲಿಲ್ಲ ಎಂಬ ಸಮಾಧಾನವುಂಟು. ಆದರೂ ಅರಮನೆಯ ಸಂಪತ್ತು ಯಾರ ಬೆವರಿನಿಂದ ಕೂಡಿದ್ದು? ದಾವಣಗೆರೆಯ ಹತ್ತಿ ಗಿರಣಿಗಳ ಕೂಲಿಯವನು, ಹೊಲದಲ್ಲಿ ಹತ್ತಿ ಬಿಡಿಸಿದ ಹೆಂಗಸು ಬಾಲಕಿರೆವ್‌ರ ಹೆಸರನ್ನು ಕೇಳಿದವರಲ್ಲ. ಈ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಇನ್ನೊಂದು ತಕ್ಕಡಿಯಲ್ಲಿ ಇಡಬೇಕಾದುದು ಇಷ್ಟೆ: ಅದೇ ಹಣದಿಂದ ಕುದುರೆ, ಕಾರು, ಬೇಟೆಗಳನ್ನು ಕೊಂಡ ಅರಸರು ಭಾರತದಲ್ಲಿ ಬಹಳ ಮಂದಿ ಇದ್ದರು, ಅವರು ಕೊಂಡುದು ಯಾವುದೂ ಉಳಿದಿಲ್ಲ.

ಆ ಫಿಲ್ಹಾರ್ಮೋನಿಯಾದ ಮೊದಲ ಹಾರ್ನ್ ಡೆನ್ನಿಸ್ ಬ್ರೇನ್. ಹುಟ್ಟಿದುದು 1921ರ ಮೇ 17ರಂದು. ಮಹಾರಾಜರಿಗಿಂತ ಎರಡು ವರ್ಷ ಕಿರಿಯ. ತಂದೆ ಆಬ್ರೆ ಬ್ರೇನ್, ಅಜ್ಜ, ದೊಡ್ಡಪ್ಪ ಎಲ್ಲರೂ ಹಾರ್ನ್ ವಾದಕರೇ. ನಮ್ಮ ವೀಣೆಯ ಮನೆತನಗಳಂತೆ. ಡೆನ್ನಿಸರು ಆರ್ಗನ್ ವಾದನವನ್ನೂ ಬಲ್ಲವರಾಗಿದ್ದರು ಎಂಬುದು ದೇವಾಲಯದ ಗಾಯನ ವೃಂದದವರಿಗೆ ಮೆಚ್ಚುಗೆಯಾಗಬಹುದಾದ ವಿಷಯ. 1943ರಲ್ಲಿ ಬೆಂಜಮಿನ್ ಬ್ರಿಟನ್ ಅವರು ಡೆನ್ನಿಸರಿಗಾಗಿಯೂ ಒಬ್ಬ ಗಾಯಕರಿಗಾಗಿಯೂ ‘ಸೆರೆನೇಡ್’ ಎಂಬ ಕೃತಿಯನ್ನು ಬರೆದರು. ಅದರ ಆದಿ ಅಂತ್ಯಗಳಲ್ಲಿ ಹಾರ್ನ್ ಒಂದೇ ನುಡಿಯುತ್ತದೆ, ಅದೂ ವಾಲ್ವುಗಳನ್ನು ಮುಟ್ಟದೆ, ನಿಸರ್ಗದ ಸ್ವರಗಳಲ್ಲಿಯೇ. ಪಿಯಾನೋದ ಮನೆಗಳಿಗೆ ಒಗ್ಗಿದ ಕಿವಿಗೆ ಅವುಗಳಲ್ಲಿ ಕೆಲವು ಅಪಸ್ವರವೆನಿಸುತ್ತವೆ. ರಚನಕಾರರು ಬಯಸಿದುದು ಅದನ್ನೇ.

ಡೆನ್ನಿಸರು ಮೊದಲು ನುಡಿಸುತ್ತಿದ್ದುದು ತಂದೆಯ ಕಾಲದ ಫ್ರೆಂಚ್ ಮಾದರಿಯ, ಕಿರಿದಾದ ಕೊಳವೆಯ ಹಾರ್ನ್. 1951ರಲ್ಲಿ ಅವರು ಜರ್ಮನಿಯ ಅಲೆಕ್ಸಾಂಡರ್ ಕಂಪನಿಯ ಬಿ ಫ್ಲಾಟ್ ಹಾರ್ನ್‌ಗೆ ಬದಲಾದರು. ಅದರ ಕೊಳವೆ ಸುಮಾರು 9 ಅಡಿ. ಕೊಳವೆ ಚಿಕ್ಕದಾದಷ್ಟೂ ಮೇಲಿನ ಸ್ವರಗಳು ಒಂದರಿಂದೊಂದು ದೂರವಾಗಿ ನಿಲ್ಲುತ್ತವೆ; ಒಂದರ ಬದಲು ಪಕ್ಕದ್ದಕ್ಕೆ ತುಟಿ ಜಾರುವ ಅಪಾಯ ಕಡಿಮೆ. ಆದರೆ ಉದ್ದ ಕೊಳವೆಯ ಮೃದು ನಾದ ಅದರಲ್ಲಿ ಬರುವುದೇ ಎಂದು ಹಾರ್ನ್ ವಾದಕರು ಅಂದು ವಾದಿಸಿದರು, ಇಂದೂ ವಾದಿಸುತ್ತಾರೆ. ಆ ಹೊಸ ವಾದ್ಯದಲ್ಲಿಯೇ 1953ರಲ್ಲಿ ಕಾರಯಾನ್ ಮತ್ತು ಫಿಲ್ಹಾರ್ಮೋನಿಯಾ ಜೊತೆಗೆ ಅವರು ಮೊಟ್ಸಾರ್ಟರ ನಾಲ್ಕು ಕಾನ್ಸೆರ್ಟೊಗಳನ್ನೂ ಮುದ್ರಿಸಿದರು. ಅದಕ್ಕೆ ಸಾಟಿಯಿಲ್ಲವೆಂಬ ಮಾತು ಇನ್ನೂ ಹಳತಾಗಿಲ್ಲ. 1957ರ ಸೆಪ್ಟೆಂಬರ್ 1ರ ಮುಂಜಾನೆ, ಎಡಿನ್‌ಬರೋದಲ್ಲಿ ವಾದನ ಮುಗಿಸಿ ಲಂಡನ್ನಿಗೆ ಕಾರು ನಡೆಸಿಕೊಂಡು ಬರುತ್ತಿದ್ದ ಅವರು ಅಪಘಾತದಲ್ಲಿ ಮಡಿದರು. ಆಗ ಅವರ ವಯಸ್ಸು 36.

ಇನ್ನು ರಿಚರ್ಡ್ ಸ್ಟ್ರೌಸರ ವಿಷಯ. ಅವರ ತಂದೆ ಫ್ರಾನ್ಸ್ ಸ್ಟ್ರೌಸರು ಮ್ಯೂನಿಕ್ ಆಸ್ಥಾನ ವಾದ್ಯವೃಂದದ ಪ್ರಥಮ ಹಾರ್ನ್ ವಾದಕರು. ವಾಗ್ನರ್ ಎಂಬ ಮಹಾ ರಚನಕಾರರನ್ನು ಕಂಡರೆ ಅವರಿಗಾಗದು. ಆದರೂ ವಾಗ್ನರರ ಕಠಿಣ ಹಾರ್ನ್ ಭಾಗಗಳನ್ನು ಅವರಷ್ಟು ಸೊಗಸಾಗಿ ನುಡಿಸುವವರಿರಲಿಲ್ಲ. ಆ ಹಾರ್ನ್ ನಾದವನ್ನು ತೊಟ್ಟಿಲಿನಿಂದಲೇ ಕೇಳಿ ಬೆಳೆದ ಮಗ ಹದಿಹರೆಯದಲ್ಲಿಯೇ ಒಂದು ಹಾರ್ನ್ ಕಾನ್ಸೆರ್ಟೊ ಬರೆದನು. ತಂದೆ ಅದನ್ನು ಸಭೆಯಲ್ಲಿ ನುಡಿಸಲೇ ಇಲ್ಲ. ಅರುವತ್ತು ವರ್ಷಗಳ ಬಳಿಕ, 1942ರಲ್ಲಿ, ಮುದುಕನಾದ ಮಗ ಅದೇ ಈ ಫ್ಲಾಟ್ ಶ್ರುತಿಯಲ್ಲಿ ಎರಡನೆಯ ಕಾನ್ಸೆರ್ಟೊ ಬರೆದನು. ಹಾರ್ನ್ ವಾದಕರಿಗೆ ಸ್ವಂತದ್ದೆಂದು ನುಡಿಸಲು ದೊಡ್ಡ ಕೃತಿಗಳು ಬಹಳವಿಲ್ಲ. ಮೊಟ್ಸಾರ್ಟರ ನಾಲ್ಕು, ಬ್ರಾಮ್ಸರ ತ್ರಯ, ಸ್ಟ್ರೌಸರ ಈ ಎರಡು, ಬ್ರಿಟನ್ನರದೊಂದು. ಮತ್ತೆ ಮತ್ತೆ ಇವೇ. ಡೆನ್ನಿಸ್ ಬ್ರೇನರಂಥವರು ಹುಟ್ಟಿದಾಗ ಹಿಂಡೆಮಿತ್ ಮೊದಲಾದವರಿಂದ ಹೊಸದೊಂದು ಸೇರುತ್ತದೆ.

ಯುದ್ಧದ ತರುವಾಯ, 84ರ ವಯಸ್ಸಿನಲ್ಲಿ, ಸ್ಟ್ರೌಸರು ಸ್ತ್ರೀಕಂಠಕ್ಕೆ ಮತ್ತು ವಾದ್ಯವೃಂದಕ್ಕೆ ನಾಲ್ಕು ಗೀತೆಗಳನ್ನು ಬರೆದರು. ಒಂದರ ಕವಿತೆ ಐಕೆಂಡಾರ್ಫ್ ಎಂಬ ಕಥೋಲಿಕ ಕವಿಯದು. ಉಳಿದ ಮೂರು ಹೆರ್ಮನ್ ಹೆಸ್ಸೆಯವರವು. ಈ ಹೆಸ್ಸೆಯವರ ತಾಯಿ ಹುಟ್ಟಿದುದು ನಮ್ಮ ನೆರೆಯ ಮಲಬಾರಿನ ತಲಶ್ಶೇರಿಯಲ್ಲಿ, ಬಾಸೆಲ್ ಮಿಶನ್ನಿನ ಗುಂಡರ್ಟರ ಮನೆಯಲ್ಲಿ. ನಾಲ್ಕರಲ್ಲಿ ಮೂರು ಗೀತೆಗಳು ಸಂಜೆ, ನಿದ್ದೆ, ಸಾವುಗಳ ಸುತ್ತ ಸುಳಿಯುತ್ತವೆ. ‘ಸೆಪ್ಟೆಂಬರ್’ ಎಂಬ ಗೀತೆಯಲ್ಲಿ ತೋಟದ ಬೇಸಗೆ ಕಣ್ಣು ಮುಚ್ಚುತ್ತದೆ. ಗಾಯಕಿ ಮೌನವಾದ ಬಳಿಕ ಹಾರ್ನ್ ಒಂದೇ ಮೇಲೆದ್ದು ಮೆಲ್ಲಗೆ ಹಾಡಿ ಮುಗಿಸುತ್ತದೆ. ತಂದೆ ಸತ್ತು ನಾಲ್ಕು ದಶಕಗಳು ಕಳೆದಿದ್ದುವು. ಮಗನು ಯಾರನ್ನು ನೆನೆದು ಆ ಸಾಲನ್ನು ಹಾರ್ನ್‌ಗೆ ಕೊಟ್ಟಿರಬಹುದೆಂದು ಊಹಿಸಲು ವಿದ್ವತ್ತು ಬೇಕಾಗಿಲ್ಲ.

ನಾರ್ವೆಯ ಗಾಯಕಿ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಅವರು ಉತ್ತಮ ನಿರ್ದೇಶಕರೊಡನೆ, ಉತ್ತಮ ವಾದ್ಯವೃಂದದೊಡನೆ ಈ ಗೀತೆಗಳನ್ನು ಮೊದಲ ಬಾರಿಗೆ ಹಾಡಬೇಕೆಂದು ಸ್ಟ್ರೌಸರು ಅವರಿಗೆ ಪತ್ರ ಬರೆದು ಕೇಳಿಕೊಂಡಿದ್ದರು. ಉತ್ತರ ಕೈಗೂಡುವ ಮೊದಲೇ, 1949ರ ಸೆಪ್ಟೆಂಬರ್ 8ರಂದು, ತೀರಿಕೊಂಡರು. ಹೊಸ ಗೀತೆಗಳು, ದುಬಾರಿ ಗಾಯಕಿ, ದುಬಾರಿ ನಿರ್ದೇಶಕ. ಯುದ್ಧದಿಂದ ಬಡವಾಗಿದ್ದ ಲಂಡನ್ನಿನಲ್ಲಿ ಹಣ ಹಾಕುವವರಾರು? 4,800 ಡಾಲರುಗಳ ಜಾಮೀನನ್ನು ಹೊತ್ತವರು ಜಯಚಾಮರಾಜೇಂದ್ರ ಒಡೆಯರು. ಪ್ರತಿಯಾಗಿ ಅವರು ಕೇಳಿದುದು ಒಂದೇ: ಅಂದಿನ ಗಾಯನವನ್ನು ಮುದ್ರಿಸಿ ತಟ್ಟೆಗಳನ್ನು ಮೈಸೂರಿಗೆ ಕಳುಹಿಸಬೇಕು.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರರ ನಿರ್ದೇಶನದಲ್ಲಿ ಫಿಲ್ಹಾರ್ಮೋನಿಯಾ ನುಡಿಸಿತು, ಫ್ಲಾಗ್‌ಸ್ಟಾಡ್ ಹಾಡಿದರು. ಅದೇ ಸಂಜೆ ವಾಗ್ನರರ ಕೃತಿಗಳೂ ಇದ್ದುವು; ಫ್ರಾನ್ಸ್ ಸ್ಟ್ರೌಸರು ಬದುಕಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದರು. ಮಹಾರಾಜರು ಆ ಸಭೆಯಲ್ಲಿರಲಿಲ್ಲ. ಆ ವರ್ಷದ ಜನವರಿ 26ರಂದು ಅವರು ಗಣರಾಜ್ಯದ ಮೈಸೂರಿಗೆ ರಾಜಪ್ರಮುಖರಾಗಿದ್ದರು. ಹತ್ತು ವರ್ಷಗಳ ಹಿಂದೆ ಸಿಂಹಾಸನ ಅವರಿಂದ ಪಿಯಾನೋವನ್ನು ಬಿಡಿಸಿತ್ತು. ಈಗ ಕಾಲವು ಸಿಂಹಾಸನವನ್ನೂ ಬಿಡಿಸಿತ್ತು. ಸಮುದ್ರ ದಾಟಿ ಬರುವ ತಟ್ಟೆಗಳಲ್ಲಿ ಮುಪ್ಪಿನ ತಂದೆಗೆ ಮಗನು ಸಲ್ಲಿಸಿದ ಆ ಹಾರ್ನ್ ಸಾಲನ್ನು ಕೇಳಲು ಅವರು ಮೈಸೂರಿನಲ್ಲಿ ಕಾದಿದ್ದರು.

ಆ ವೇಳೆಗೆ ಅವರ ಮನಸ್ಸು ಅರಮನೆಯ ಇನ್ನೊಂದು ಬಾಗಿಲಿನತ್ತ ತಿರುಗಿತ್ತು. ವಾಸುದೇವಾಚಾರ್ಯರಲ್ಲಿ ಕರ್ನಾಟಕ ಸಂಗೀತವನ್ನು, ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನು ಕಲಿತ ಅವರು ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಅವುಗಳಲ್ಲಿ ಕೆಲವು ಹಿಂದೆ ಯಾರೂ ಕೈಹಾಕದ ರಾಗಗಳಲ್ಲಿವೆ. ಪಾಶ್ಚಾತ್ಯ ಸಂಗೀತದಲ್ಲಿ ಯಾರೂ ನುಡಿಸದುದನ್ನು ಹುಡುಕಿದ ಅದೇ ಕಣ್ಣು ಇಲ್ಲಿಯೂ ಕೆಲಸ ಮಾಡಿದೆ. ಎರಡು ಸಂಗೀತಗಳನ್ನು ಬೆರಸಿ ಕಲಸುಮೇಲೋಗರ ಮಾಡುವ ಗೋಜಿಗೆ ಅವರು ಹೋಗಲಿಲ್ಲ. ಪಿಯಾನೋದ ಮುಂದೆ ಪಿಯಾನೋದ ಶ್ರುತಿ, ವೀಣೆಯ ಮುಂದೆ ವೀಣೆಯ ಶ್ರುತಿ. ಒಳ್ಳೆಯ ಹಾರ್ನ್ ವಾದಕನ ಗುಣವೂ ಇದೇ.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯದ ಪ್ರಥಮ ರಾಜ್ಯಪಾಲರಾದರು. ತುಂಗಭದ್ರೆಯ ಎರಡೂ ದಡಗಳು ಅಂದು ಒಂದಾದುವು. 1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿದ್ದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋ ಎಂಬ ಗೌರವ ಸಂದಿತು. ವೇದಗಳನ್ನೂ ಪುರಾಣಗಳನ್ನೂ ಕನ್ನಡಕ್ಕೆ ತರಿಸಿದ ಜಯಚಾಮರಾಜೇಂದ್ರ ಗ್ರಂಥಮಾಲೆ ಅವರ ಮತ್ತೊಂದು ದೊಡ್ಡ ಕಾಣಿಕೆ. 1971ರಲ್ಲಿ ಅರಸರ ರಾಜಧನ ರದ್ದಾಯಿತು. 1974ರ ಸೆಪ್ಟೆಂಬರ್ 23ರಂದು, 55ರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಅವರು ನಿಧನರಾದರು. ಅದೇ ವರ್ಷ ತಂಗಿ ವಿಜಯಾದೇವಿಯವರು ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿದರು. ಅರಮನೆಯ ಬ್ಯಾಂಡುಗಳ ಪರಂಪರೆ ಕರ್ನಾಟಕ ಪೊಲೀಸ್ ಇಲಾಖೆಯ ಬ್ಯಾಂಡುಗಳಲ್ಲಿ ಮುಂದುವರಿದಿದೆ. ದಸರೆಯ ಸಮಯದಲ್ಲಿ ಅರಮನೆಯ ಮುಂದೆ ಇಂಗ್ಲಿಷ್ ಬ್ಯಾಂಡು ಒಂದು ಕಡೆ, ಕರ್ನಾಟಕ ಬ್ಯಾಂಡು ಒಂದು ಕಡೆ ನಿಂತು ನುಡಿಸುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು.

1950ರ ಆ ಸಂಜೆಯ ಮುದ್ರಣ ಉಳಿದುಬಂದಿದೆ, ಈಗ ಯಾರು ಬೇಕಾದರೂ ಕೇಳಬಹುದು. ಧ್ವನಿ ಚೆನ್ನಾಗಿಲ್ಲ, ಕರಕರ ಸದ್ದು ಹೆಚ್ಚು, ವಾದ್ಯಗಳು ದೂರದಲ್ಲೆಲ್ಲೋ ಇದ್ದಂತೆ ಕೇಳುತ್ತವೆ. ನಮ್ಮ ಗಾಯನ ವೃಂದದ ಎಳೆಯರು ತಾಳ್ಮೆಯಿಂದ ‘ಸೆಪ್ಟೆಂಬರ್’ ಗೀತೆಯ ಕೊನೆಯವರೆಗೆ ಕಾಯಬೇಕು. ಫ್ಲಾಗ್‌ಸ್ಟಾಡ್‌ರ ಕಂಠ ಅಡಗಿದ ಮೇಲೆ, ಆ ಕರಕರದ ನಡುವಿನಿಂದ, ಹಾರ್ನ್ ಬರುತ್ತದೆ.